ಗಸಗಸೆ ಬೆಟ್ಟದ ಗೇಣಿದಾರರು

1944ರ ಫೆಬ್ರವರಿ 21. ಮೆಕ್ಸಿಕೊದ ಪೆಸಿಫಿಕ್ ಕರಾವಳಿಯ ಮಾಸಾತ್ಲಾನ್‌ನಲ್ಲಿ ಕಾರ್ನಿವಲ್ ಹಬ್ಬದ ರಾತ್ರಿ. ಹೋಟೆಲ್ ಬೆಲ್ಮಾರ್‌ನಲ್ಲಿ ವಾದ್ಯ, ಕುಣಿತ ಎಲ್ಲ ನಡೆದಿದ್ದಾಗ ಸಿನಾಲೋವಾ ರಾಜ್ಯದ ಗವರ್ನರ್ ರೊದೊಲ್ಫೊ ಲೊಯಾಯ್ಸಾ ಗುಂಡೇಟಿಗೆ ಬಲಿಯಾದರು. ಹೊಡೆದವನು ರೊದೊಲ್ಫೊ ವಾಲ್ದೆಸ್. ಜನ ಅವನನ್ನು ‘ಎಲ್ ಖಿತಾನೊ’ ಎನ್ನುತ್ತಿದ್ದರು, ಅಂದರೆ ಜಿಪ್ಸಿ. ದೊಡ್ಡ ಜಮೀನ್ದಾರರಿಗೆ ಸುಪಾರಿ ಕೆಲಸ ಮಾಡಿಕೊಡುವ ಆಸಾಮಿ. ಗವರ್ನರ್ ಭೂಹಂಚಿಕೆಯ ಪರ ಇದ್ದದ್ದೇ ಕೊಲೆಗೆ ಕಾರಣ ಎಂದು ಕೆಲವರು ಹೇಳಿದರು. ಬೆಟ್ಟದ ಮೇಲಿನ ಅಫೀಮಿನ ದುಡ್ಡಿನ ಲೆಕ್ಕ ತಪ್ಪಿದ್ದು ಕಾರಣ ಎಂದು ಇನ್ನು ಕೆಲವರು ಪಿಸುಗುಟ್ಟಿದರು. ಹಂತಕನ ಹಿಂದೆ ಇದ್ದವರು ಯಾರು ಎಂಬ ಮಾತು ಬಂದಾಗ ಮುಂದಿನ ಗವರ್ನರ್ ಆದ ಸೇನಾ ಜನರಲ್ ಒಬ್ಬರ ಹೆಸರೂ ಓಡಾಡಿತು. ಅಂದರೆ ‘ಕಾರ್ಟೆಲ್’ ಎಂಬ ಪದ ಪತ್ರಿಕೆಗಳಿಗೆ ಬರುವುದಕ್ಕೆ ನಾಲ್ಕು ದಶಕ ಮೊದಲೇ ಜಮೀನು, ಅಫೀಮು, ಅಧಿಕಾರ ಈ ಮೂರೂ ಆ ರಾಜ್ಯದಲ್ಲಿ ಒಂದರೊಳಗೊಂದು ಹೆಣೆದುಕೊಂಡಿದ್ದವು.

ಸಿನಿಮಾಗಳು ಹೇಳುವ ಕಥೆಯೇ ಬೇರೆ. ಅಲ್ಲಿ ಕಳ್ಳಸಾಗಣೆದಾರ ಹೊರಗಿನಿಂದ ಬರುತ್ತಾನೆ; ಒಂದು ಕೈಯಲ್ಲಿ ನೋಟಿನ ಕಂತೆ, ಇನ್ನೊಂದರಲ್ಲಿ ಬಂದೂಕು. ಒಬ್ಬೊಬ್ಬ ಅಧಿಕಾರಿಯನ್ನೇ ಕೊಳ್ಳುತ್ತಾನೆ, ಬಗ್ಗದವರನ್ನು ಮುಗಿಸುತ್ತಾನೆ, ಕೊನೆಗೆ ಸರ್ಕಾರವೇ ಅವನ ಕೈಗೊಂಬೆ. ಮೆಕ್ಸಿಕೊದ ಇತಿಹಾಸ ಓದಿದರೆ ಈ ಕ್ರಮ ತಿರುವುಮುರುವಾಗಿ ಕಾಣುತ್ತದೆ. ಅಲ್ಲಿ ಮೊದಲು ಬೆಲೆ ಕಟ್ಟಿದ್ದು ಸರ್ಕಾರದ ಜನ. ದಂಧೆಯ ಜಾಗವನ್ನು ಗೇಣಿಗೆ ಕೊಟ್ಟವರೂ ಅವರೇ. ಗೇಣಿದಾರ ಒಡೆಯನಾದದ್ದು ಬಹಳ ಆಮೇಲೆ, ಒಡೆಯರ ಮನೆಯಲ್ಲಿ ಪಾಲಾದಾಗ.

ಸಿನಾಲೋವಾದ ಪೂರ್ವಕ್ಕೆ ಸಿಯೆರಾ ಮಾದ್ರೆ ಪರ್ವತಸಾಲು. ಅದರ ಮಡಿಲಲ್ಲಿ ಬಾದಿರಾಗ್ವಾತೊ ಎಂಬ ತಾಲ್ಲೂಕು. ನಮ್ಮಲ್ಲಿ ಪಾಯಸಕ್ಕೆ ಹಾಕುವ ಗಸಗಸೆಯ ಗಿಡವೇ ಆ ಕಣಿವೆಗಳ ಬೆಳೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೈಲು, ಗಣಿ ಕೆಲಸಕ್ಕೆಂದು ಬಂದ ಚೀನೀಯರು ಈ ಬೇಸಾಯ ಹರಡಿದರೆಂದು ಹೇಳುವುದುಂಟು. ಹಸಿರು ಕಾಯಿಯ ಮೇಲೆ ಬ್ಲೇಡಿನಿಂದ ಸಣ್ಣಗೆ ಗೀರಿದರೆ ಹಾಲು ಒಸರುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಅದು ಕಂದು ಅಂಟಾಗುತ್ತದೆ. ಮರುದಿನ ಬೆಳಿಗ್ಗೆ ಕೆರೆದು ಡಬ್ಬಿಗೆ ತುಂಬಬೇಕು. ಕಾಯಿ ಕಾಯಿಗೂ ಇದೇ ಕೆಲಸ. ಸೊಂಟ ಬಗ್ಗಿಸಿ ಮಾಡುವ ಈ ಕೂಲಿಗೆ ಹೆಂಗಸರು ಮಕ್ಕಳೂ ಇಳಿಯುತ್ತಿದ್ದರು. ಅಂಟು ವ್ಯಾಪಾರ ಮಾಡುವವರಿಗೆ ‘ಗೊಮೆರೊ’ ಎಂಬ ಹೆಸರು ಬಿತ್ತು.

1914ರಲ್ಲಿ ಅಮೆರಿಕ ಹ್ಯಾರಿಸನ್ ಕಾಯ್ದೆ ತಂದು ಅಫೀಮಿಗೆ ಕಡಿವಾಣ ಹಾಕಿತು. ಗಡಿಯ ಆಚೆ ನಿಷೇಧ, ಈಚೆ ಬೆಳೆ. ದಂಧೆಗೆ ಇನ್ನೇನು ಬೇಕು? ಗಡಿಗೆ ಅಂಟಿಕೊಂಡ ಬಾಹಾ ಕ್ಯಾಲಿಫೋರ್ನಿಯಾದ ಉತ್ತರ ಭಾಗವನ್ನು 1915ರಿಂದ 1920ರವರೆಗೆ ಆಳಿದ ಕರ್ನಲ್ ಎಸ್ತೆಬಾನ್ ಕಾಂತು ಅಫೀಮು ವ್ಯಾಪಾರಿಗಳಿಂದ ವಸೂಲಿ ಮಾಡಿ ಖಜಾನೆ ತುಂಬಿಸಿಕೊಂಡ. ಆ ದುಡ್ಡಿನಲ್ಲಿ ರಸ್ತೆ, ಶಾಲೆಗಳೂ ಆದವು. 1920ರಲ್ಲಿ ಮೆಕ್ಸಿಕೊ ಗಾಂಜಾ ನಿಷೇಧಿಸಿತು, 1926ರಲ್ಲಿ ಗಸಗಸೆ ಬೆಳೆಯನ್ನೂ. ನಿಷೇಧದಿಂದ ವಸೂಲಿ ನಿಲ್ಲಲಿಲ್ಲ. ರಸೀದಿ ಕೊಡುವುದು ಮಾತ್ರ ನಿಂತಿತು. 1930ರ ದಶಕದ ಆರಂಭದಲ್ಲಿ ಸೊನೋರಾ, ಸಿನಾಲೋವಾ ರಾಜ್ಯಗಳಿಂದ ಚೀನೀಯರನ್ನು ಹೊಡೆದೋಡಿಸಿದರು. ಅವರ ಅಂಗಡಿಗಳ ಜೊತೆ ಅಫೀಮಿನ ದಂಧೆಯೂ ಸ್ಥಳೀಯರ ಪಾಲಾಯಿತು.

ನಡುವೆ ಒಂದು ಸ್ವಾರಸ್ಯದ ಘಟ್ಟ ಬಂದುಹೋಯಿತು. 1940ರಲ್ಲಿ, ಲಾಸಾರೊ ಕಾರ್ದೆನಾಸ್ ಅಧ್ಯಕ್ಷರಾಗಿದ್ದಾಗ, ಡಾ. ಲಿಯೊಪೋಲ್ದೊ ಸಲಾಜಾರ್ ವಿನಿಯೆಗ್ರಾ ಎಂಬ ವೈದ್ಯರ ಚಿಂತನೆಯಂತೆ ಸರ್ಕಾರವೇ ಚಿಕಿತ್ಸಾಲಯ ತೆರೆದು ವ್ಯಸನಿಗಳಿಗೆ ಅಗ್ಗದ ದರದಲ್ಲಿ ಮಾರ್ಫಿನ್ ಕೊಡತೊಡಗಿತು. ಬೀದಿ ವ್ಯಾಪಾರಿಗಳ ಗಿರಾಕಿಗಳು ಖಾಲಿಯಾಗತೊಡಗಿದರು. ಅಮೆರಿಕ ಸಿಟ್ಟಾಗಿ ಔಷಧಿ ರಫ್ತನ್ನೇ ತಡೆಹಿಡಿಯಿತು. ಕೆಲವೇ ತಿಂಗಳಲ್ಲಿ ಯೋಜನೆ ಮುಚ್ಚಿಹೋಯಿತು. ಕಳ್ಳಸಾಗಣೆದಾರರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ.

ಮುಂದಿನ ಕಾಲು ಶತಮಾನ ದಂಧೆ ಸದ್ದಿಲ್ಲದೆ ನಡೆಯಿತು, ಸದ್ದಿಲ್ಲದಿರುವುದೇ ಷರತ್ತಾಗಿತ್ತು. 1929ರಲ್ಲಿ ಹುಟ್ಟಿದ ಒಂದೇ ಪಕ್ಷ, ಮುಂದೆ ಪಿಆರ್‌ಐ ಎಂದು ಹೆಸರಾದದ್ದು, 2000ದವರೆಗೆ ಅಧ್ಯಕ್ಷ ಗಾದಿ ಬಿಡಲಿಲ್ಲ. ದೆಹಲಿಯಿಂದ ಗ್ರಾಮ ಪಂಚಾಯಿತಿಯವರೆಗೆ ಎಪ್ಪತ್ತು ವರ್ಷ ಒಂದೇ ಪಕ್ಷ ಆಳಿದ್ದರೆ ಹೇಗಿರುತ್ತಿತ್ತೋ ಹಾಗೆ. ಇಂಥ ವ್ಯವಸ್ಥೆಯಲ್ಲಿ ಮಾಮೂಲು ಕೊಡಬೇಕಾದ ಬಾಗಿಲು ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ. ಒಂದು ಊರು ಅಥವಾ ಗಡಿದಾರಿಯ ಹಕ್ಕನ್ನು ‘ಪ್ಲಾಸಾ’ ಎನ್ನುತ್ತಿದ್ದರು. ಪ್ಲಾಸಾ ಹಿಡಿದವನು ಪೊಲೀಸ್ ಕಮಾಂಡರ್‌ಗೆ, ಸೇನಾ ವಲಯದ ಅಧಿಕಾರಿಗೆ ಹೊತ್ತಿಗೆ ಸರಿಯಾಗಿ ಕಪ್ಪ ಸಲ್ಲಿಸಬೇಕು. ಹೆಣ ಬೀದಿಗೆ ಬೀಳಬಾರದು. ಪರವಾನಗಿಯಿಲ್ಲದ ಪೈಪೋಟಿದಾರರ ಸುಳಿವು ಕೊಡಬೇಕು. ಅವರನ್ನು ಹಿಡಿದು ಪತ್ರಿಕೆಗಳಿಗೆ ಫೋಟೊ ಕೊಟ್ಟರೆ ಅಮೆರಿಕದವರಿಗೂ ಸಮಾಧಾನ. ಷರತ್ತು ಮುರಿದವನ ಗೇಣಿ ರದ್ದು. 1947ರಲ್ಲಿ ಸ್ಥಾಪನೆಯಾದ ಗುಪ್ತಚರ ಪೊಲೀಸ್ ಸಂಸ್ಥೆ ಡಿಎಫ್‌ಎಸ್ ಬರಬರುತ್ತ ಈ ಗೇಣಿ ವಸೂಲಿಯ ದೊಡ್ಡ ಪಾರುಪತ್ಯಗಾರನಾಯಿತು.

ಮಿಗೆಲ್ ಆಂಖೆಲ್ ಫೆಲಿಕ್ಸ್ ಗಯಾರ್ದೊನ ಬದುಕು ಇದಕ್ಕೆ ಹಿಡಿದ ಕನ್ನಡಿ. 1946ರಲ್ಲಿ ಕುಲಿಯಾಕಾನ್ ಪಕ್ಕದಲ್ಲಿ ಹುಟ್ಟಿದ ಇವನು ಮೊದಲು ಪೊಲೀಸ್, ಆಮೇಲೆ ಸಿನಾಲೋವಾ ಗವರ್ನರ್ ಲಿಯೊಪೋಲ್ದೊ ಸಾಂಚೆಸ್ ಸೆಲಿಸ್ ಅವರ ಕುಟುಂಬದ ಅಂಗರಕ್ಷಕ. ಗವರ್ನರ್ ಬಂಗಲೆಯ ಹಜಾರದಲ್ಲಿ ನಿಂತು ಯಾರು ಯಾರನ್ನು ನೋಡಲು ಬರುತ್ತಾರೆ, ಯಾರ ಮಾತು ಎಲ್ಲಿ ನಡೆಯುತ್ತದೆ ಎಂಬುದನ್ನೆಲ್ಲ ಕಲಿತವನು. ದಂಧೆಗೆ ಇಳಿದಾಗ ಅವನ ಬಂಡವಾಳ ಈ ಪರಿಚಯವೇ. 1970ರ ದಶಕದ ಆರಂಭದಲ್ಲಿ ಟರ್ಕಿ ಗಸಗಸೆ ಬೆಳೆ ನಿಲ್ಲಿಸಿದ್ದರಿಂದ, ಫ್ರಾನ್ಸ್ ಮೂಲಕ ಹೋಗುತ್ತಿದ್ದ ಹೆರಾಯಿನ್ ಜಾಲ ಮುರಿದದ್ದರಿಂದ ಅಮೆರಿಕದ ವ್ಯಸನಿಗಳಿಗೆ ಸಿನಾಲೋವಾದ ಕಂದು ಹೆರಾಯಿನ್ನೇ ಗತಿಯಾಯಿತು. ಲಾಭ ಏರಿದಂತೆ ಕುಲಿಯಾಕಾನ್ ಬೀದಿಗಳಲ್ಲಿ ಗುಂಡಿನ ಸದ್ದೂ ಏರಿತು.

ಆಗ, 1977ರಲ್ಲಿ, ಸರ್ಕಾರ ‘ಆಪರೇಷನ್ ಕಾಂಡೋರ್’ ಹೆಸರಿನಲ್ಲಿ ಸುಮಾರು 10,000 ಸೈನಿಕರನ್ನು ಬೆಟ್ಟಕ್ಕೆ ನುಗ್ಗಿಸಿತು. ಹೆಲಿಕಾಪ್ಟರುಗಳು ವಿಷ ಸಿಂಪಡಿಸಿದವು. ಗಸಗಸೆಯ ಜೊತೆ ಮೆಕ್ಕೆಜೋಳದ ಹೊಲಗಳೂ ಸುಟ್ಟುಹೋದವು. ರೈತರ ಮೇಲೆ ಚಿತ್ರಹಿಂಸೆ ನಡೆಯಿತು, ಹಳ್ಳಿಗಳು ಖಾಲಿಯಾದವು. ಹೆಚ್ಚಿನ ದೊಡ್ಡ ಕುಳಗಳಿಗೆ ಏನೂ ಆಗಲಿಲ್ಲ. ಅವು ಗಂಟುಮೂಟೆ ಕಟ್ಟಿಕೊಂಡು ಗ್ವಾದಲಹಾರಾ ಎಂಬ ಮಹಾನಗರಕ್ಕೆ ಬಂದು ಬಂಗಲೆ, ಹೋಟೆಲು ಕೊಂಡವು. ಸಣ್ಣ ಗೊಮೆರೊಗಳು ಒಕ್ಕಲೆದ್ದ ಮೇಲೆ ಉಳಿದವರ ಕೈ ಮತ್ತಷ್ಟು ಬಲವಾಯಿತು. ದೊಡ್ಡ ಪೊಲೀಸ್ ಕಾರ್ಯಾಚರಣೆಗಳ ಇತಿಹಾಸದಲ್ಲಿ ಪದೇಪದೇ ಕಾಣುವ ಫಲವಿದು, ಆದರೂ ಇವತ್ತಿಗೂ ಯೋಜನೆ ಹಾಕುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

1980ರ ದಶಕದಲ್ಲಿ ಅಮೆರಿಕ ಫ್ಲಾರಿಡಾ ಸಮುದ್ರಮಾರ್ಗವನ್ನು ಬಿಗಿ ಮಾಡಿತು. ಕೊಲಂಬಿಯಾದ ಕೊಕೇನ್ ಮೆಕ್ಸಿಕೊದ ದಾರಿ ಹಿಡಿಯಿತು. ಫೆಲಿಕ್ಸ್ ಗಯಾರ್ದೊ, ರಫಾಯೆಲ್ ಕಾರೊ ಕಿಂತೆರೊ, ಎರ್ನೆಸ್ತೊ ಫೊನ್ಸೆಕಾ ಈ ಮೂವರ ಕೂಟಕ್ಕೆ ಗ್ವಾದಲಹಾರಾ ಕಾರ್ಟೆಲ್ ಎಂಬ ಹೆಸರು ಬಂತು. 1984ರ ನವೆಂಬರಿನಲ್ಲಿ ಚಿವಾವಾ ಮರುಭೂಮಿಯ ‘ಎಲ್ ಬೂಫಲೊ’ ತೋಟದ ಮೇಲೆ ದಾಳಿ ನಡೆದಾಗ ಸಿಕ್ಕಿದ್ದು ಸಾವಿರಾರು ಟನ್ ಗಾಂಜಾ ಮತ್ತು ಅದನ್ನು ಒಣಗಿಸುತ್ತಿದ್ದ ಸಾವಿರಾರು ಕೂಲಿಗಳು. ಅಷ್ಟು ದೊಡ್ಡ ತೋಟ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂದರೆ ನಂಬುವವರು ಯಾರು?

ಸುಳಿವಿನ ಬೆನ್ನು ಹತ್ತಿದ್ದ, ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎಯ ಏಜೆಂಟ್ ಎನ್ರಿಕೆ ‘ಕಿಕಿ’ ಕಮರೇನಾರನ್ನು 1985ರ ಫೆಬ್ರವರಿ 7ರಂದು ಗ್ವಾದಲಹಾರಾದಲ್ಲಿ ಹಾಡುಹಗಲೇ ಅಪಹರಿಸಿದರು. ಚಿತ್ರಹಿಂಸೆಗೆ ಸಿಕ್ಕು ಸತ್ತ ಅವರ ಶವ ಮಾರ್ಚ್ ಮೊದಲ ವಾರ ಮಿಚೋವಾಕಾನ್ ರಾಜ್ಯದಲ್ಲಿ ಸಿಕ್ಕಿತು. ಅಪಹರಣವಾದ ಎರಡೇ ದಿನಕ್ಕೆ ಕಾರೊ ಕಿಂತೆರೊ ಗ್ವಾದಲಹಾರಾ ವಿಮಾನ ನಿಲ್ದಾಣದಿಂದ ಖಾಸಗಿ ವಿಮಾನ ಹತ್ತಿದ. ತಡೆಯಬೇಕಿದ್ದ ಫೆಡರಲ್ ಪೊಲೀಸ್ ಕಮಾಂಡರ್ ಅವನ ಜೊತೆ ಮಾತಾಡಿ ಬಿಟ್ಟುಕೊಟ್ಟ. ಕಾರೊ ಕಿಂತೆರೊ ಕಡೆಯವರ ಜೇಬಿನಲ್ಲಿದ್ದದ್ದು ನಕಲಿಯಲ್ಲದ, ಸರ್ಕಾರದ ಮುದ್ರೆಯ ಡಿಎಫ್‌ಎಸ್ ಗುರುತಿನ ಚೀಟಿ. ಅಮೆರಿಕದ ಒತ್ತಡ ತಾಳಲಾರದೆ ಅದೇ ವರ್ಷ ಡಿಎಫ್‌ಎಸ್ ಅನ್ನು ಬರಖಾಸ್ತು ಮಾಡಲಾಯಿತು. ಅದರ ಮುಖ್ಯಸ್ಥನಾಗಿದ್ದ ಹೊಸೆ ಆಂತೊನಿಯೊ ಸೊರಿಯಾ, ಪತ್ರಕರ್ತ ಮಾನ್ವೆಲ್ ಬುಯೆಂದಿಯಾರ ಕೊಲೆ ಪ್ರಕರಣದಲ್ಲಿ ಜೈಲು ಸೇರಿದ.

1989ರ ಏಪ್ರಿಲ್‌ನಲ್ಲಿ ಫೆಲಿಕ್ಸ್ ಗಯಾರ್ದೊ ಸಿಕ್ಕಿಬಿದ್ದ ಮೇಲೆ ಪ್ಲಾಸಾಗಳು ಹಂಚಿಹೋದವು: ತಿಹ್ವಾನಾ ಒಬ್ಬರಿಗೆ, ಹ್ವಾರೆಸ್ ಇನ್ನೊಬ್ಬರಿಗೆ, ಸಿನಾಲೋವಾ ಕಡೆಯದು ಹಾಕೀನ್ ‘ಎಲ್ ಚಾಪೊ’ ಗುಜ್ಮಾನ್, ಇಸ್ಮಾಯೆಲ್ ‘ಎಲ್ ಮಾಯೊ’ ಸಂಬಾದಾ ಮುಂತಾದವರಿಗೆ. ಹಂಚಿದವನು ಗಯಾರ್ದೊನೇ ಎಂದು ಒಂದು ಮಾತು, ಪೊಲೀಸ್ ಅಧಿಕಾರಿಗಳೇ ಕೂತು ಹಂಚಿದರೆಂದು ಇನ್ನೊಂದು ಮಾತು. ಎರಡನೆಯದನ್ನು ಮೆಕ್ಸಿಕೊದಲ್ಲಿ ಯಾರೂ ತಮಾಷೆ ಎಂದುಕೊಳ್ಳುವುದಿಲ್ಲ.

ಅದೇ 1989ರಲ್ಲಿ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಬಾರಿಗೆ ವಿರೋಧ ಪಕ್ಷದ ಗವರ್ನರ್ ಗೆದ್ದರು. 1992ರಲ್ಲಿ ಚಿವಾವಾ, 1995ರಲ್ಲಿ ಹಲಿಸ್ಕೊ, 2000ದಲ್ಲಿ ಅಧ್ಯಕ್ಷ ಪದವಿಯೇ ಪಿಆರ್‌ಐ ಕೈತಪ್ಪಿತು. ಪ್ರಜಾಪ್ರಭುತ್ವಕ್ಕೆ ಇದು ಹಬ್ಬ. ದಂಧೆಯ ಲೋಕಕ್ಕೆ ಮಾತ್ರ ದಿಕ್ಕು ತಪ್ಪಿದ ಸ್ಥಿತಿ. ಹೊಸ ಗವರ್ನರ್ ಬಂದರೆ ಪೊಲೀಸ್ ಮುಖ್ಯಸ್ಥ ಬದಲಾಗುತ್ತಾನೆ, ಹಳೆಯ ಮಾತಿಗೆ ಬೆಲೆಯಿಲ್ಲ. ಗಿಯೆರ್ಮೊ ತ್ರೆಹೊ ಮತ್ತು ಸಾಂಡ್ರಾ ಲೇ ಎಂಬ ವಿದ್ವಾಂಸರು ತೋರಿಸಿಕೊಟ್ಟ ಪ್ರಕಾರ, ಸರ್ಕಾರಿ ರಕ್ಷಣೆಯ ಖಾತ್ರಿ ಹೋದಾಗ ಕಾರ್ಟೆಲ್‌ಗಳು ಸ್ವಂತ ಸೈನ್ಯ ಕಟ್ಟಿಕೊಳ್ಳತೊಡಗಿದವು. ತಪ್ಪು ಚುನಾವಣೆಯದಲ್ಲ, ಹಳೆಯ ಪೊಲೀಸು, ಹಳೆಯ ಕೋರ್ಟು, ಹಳೆಯ ಸೇನೆಯನ್ನು ಹಾಗೇ ಉಳಿಸಿಕೊಂಡು ಮೇಲಿನ ಕುರ್ಚಿ ಮಾತ್ರ ಬದಲಿಸಿದ್ದರದು. ಆ ಹಳೆಯ ಸೇನೆ ಎಂಥದ್ದೆಂಬುದಕ್ಕೆ 1997ರ ಫೆಬ್ರವರಿಯೇ ಸಾಕ್ಷಿ. ಮಾದಕವಸ್ತು ನಿಗ್ರಹದ ರಾಷ್ಟ್ರೀಯ ಮುಖ್ಯಸ್ಥರಾಗಿ ನೇಮಕಗೊಂಡು ಮೂರು ತಿಂಗಳೂ ಕಳೆಯದ, ಅಮೆರಿಕದ ಅಧಿಕಾರಿಗಳಿಂದ ಭೇಷ್ ಎನಿಸಿಕೊಂಡಿದ್ದ ಜನರಲ್ ಹೆಸುಸ್ ಗುತಿಯೆರೆಸ್ ರೆಬೊಯೊ, ಹ್ವಾರೆಸ್ ಕಾರ್ಟೆಲ್‌ಗೆ ಕೆಲಸ ಮಾಡುತ್ತಿದ್ದರೆಂದು ಬಂಧನಕ್ಕೊಳಗಾದರು. ಅವರು ಹಿಡಿದು ಹಾಕುತ್ತಿದ್ದದ್ದು ಆ ಕಾರ್ಟೆಲ್‌ನ ಎದುರಾಳಿಗಳನ್ನು.

ಈಶಾನ್ಯದ ಗಲ್ಫ್ ಕಾರ್ಟೆಲ್ ಸೇನೆಯ ವಿಶೇಷ ಪಡೆಗಳಿಂದಲೇ ಯೋಧರನ್ನು ಎಳೆದುಕೊಂಡು ‘ಸೇಟಾಸ್’ ಎಂಬ ಪಡೆ ಕಟ್ಟಿತು. 2008ರಲ್ಲಿ ಗಡಿಯ ನುಯೆವೊ ಲಾರೆದೊದಲ್ಲಿ ಮೇಲ್ಸೇತುವೆಗೆ ಬ್ಯಾನರ್ ಕಟ್ಟಿ ಸೈನಿಕರನ್ನು ಕೆಲಸಕ್ಕೆ ಕರೆದರು: ಒಳ್ಳೆಯ ಸಂಬಳ, ಕುಟುಂಬಕ್ಕೆ ನೆರವು, ಬರೀ ಇನ್‌ಸ್ಟಂಟ್ ನೂಡಲ್ಸ್ ತಿನ್ನಿಸುವುದಿಲ್ಲ ಎಂಬ ಭರವಸೆ, ಕೆಳಗೆ ಫೋನ್ ನಂಬರು. ಅದೇ ಊರಿಗೆ 2005ರ ಜೂನ್ 8ರಂದು ಅಲೆಹಾಂದ್ರೊ ದೊಮಿಂಗೆಸ್ ಎಂಬುವರು ಪೊಲೀಸ್ ಮುಖ್ಯಸ್ಥರಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ಅಂದೇ ರಾತ್ರಿ ಅವರನ್ನು ಕೊಂದರು.

ಸೇಟಾಸ್ ತಂದ ಹೊಸ ಪದ್ಧತಿ ಏನೆಂದರೆ, ಡ್ರಗ್ಸ್ ಸಾಗಿಸುವುದಷ್ಟೇ ಅಲ್ಲ, ಊರನ್ನೇ ಹಿಂಡುವುದು. ಅಂಗಡಿ, ಬಾರು, ಟ್ಯಾಕ್ಸಿ, ಗಡಿ ದಾಟಲು ಬಂದ ವಲಸಿಗ, ಎಲ್ಲದರ ಮೇಲೂ ಹಫ್ತಾ. 2011ರ ಮಾರ್ಚಿನಲ್ಲಿ, ಅಮೆರಿಕದ ಗಡಿಗೆ ಒಂದು ಗಂಟೆಗೂ ಕಡಿಮೆ ದಾರಿಯ ಅಯೆಂದೆ ಎಂಬ ಸಣ್ಣ ಪಟ್ಟಣದಲ್ಲಿ, ತಮ್ಮ ಮಾಹಿತಿ ಡಿಇಎಗೆ ಸೋರಿತೆಂಬ ಸಿಟ್ಟಿಗೆ ಮನೆಮನೆ ಹೊಕ್ಕು ಜನರನ್ನು ಎತ್ತಿಕೊಂಡುಹೋದರು. ಮನೆಗಳನ್ನು ಯಂತ್ರಗಳಿಂದ ಕೆಡವಿದರು, ಅಕ್ಕಪಕ್ಕದವರಿಗೆ ದೋಚಿಕೊಳ್ಳಿ ಎಂದರು. ಊರಹೊರಗಿನ ತೋಟದಲ್ಲಿ ಬೆಂಕಿ ಕಂಡು ಹೋದ ಅಗ್ನಿಶಾಮಕದವರನ್ನು ಗೇಟಿನಿಂದಲೇ ವಾಪಸು ಕಳಿಸಿದರು. ನಗರ ಪೊಲೀಸರಿಗೆ ಕರೆ ಬಂದರೂ ಹೋಗಬೇಡಿ ಎಂಬ ಅಪ್ಪಣೆಯಾಗಿತ್ತು. ಕೆಲವರು ಜನರನ್ನು ಹಿಡಿದುಕೊಡಲೂ ನೆರವಾದರು. ಸೋರಿಕೆ ಆದದ್ದಾದರೂ ಎಲ್ಲಿಂದ? ಡಿಇಎ ಆ ಮಾಹಿತಿ ಹಂಚಿಕೊಂಡಿದ್ದ ಮೆಕ್ಸಿಕೊ ಫೆಡರಲ್ ಪೊಲೀಸರ ಘಟಕದಿಂದ. ಸರ್ಕಾರ ಗಂಭೀರವಾಗಿ ತನಿಖೆಗೆ ಇಳಿಯುವ ಹೊತ್ತಿಗೆ ಸುಮಾರು ಮೂರು ವರ್ಷ ಕಳೆದಿತ್ತು.

ಊರುಗಳು ಹೇಗೆ ಕಾರ್ಟೆಲ್‌ಗಳ ಕೈಸೇರುತ್ತವೆ ಎಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ದಾನಧರ್ಮದ್ದು. ಡಾನ್ ಚರ್ಚು ಕಟ್ಟಿಸಿದ, ಮದುವೆಗೆ ದುಡ್ಡು ಕೊಟ್ಟ, ಕೋವಿಡ್ ಕಾಲದಲ್ಲಿ ಚಾಪೊನ ಚಿತ್ರವಿದ್ದ ಪೆಟ್ಟಿಗೆಗಳಲ್ಲಿ ದಿನಸಿ ಹಂಚಿದರು. ಇವೆಲ್ಲ ನಿಜವೇ, ಆದರೆ ಫೋಟೊಕ್ಕೆ ಒಗ್ಗಿದಷ್ಟು ಲೆಕ್ಕಕ್ಕೆ ಒಗ್ಗುವುದಿಲ್ಲ. ಬೆಟ್ಟದ ರೈತ ಗಸಗಸೆ ಬಿತ್ತಿದ್ದು ಡಾನ್ ಮೇಲಿನ ಪ್ರೀತಿಗಲ್ಲ; ರಸ್ತೆಯಿಲ್ಲದ ಕಣಿವೆಯಿಂದ ಹೊತ್ತು ಸಾಗಿಸಬಹುದಾದ, ನಗದು ತರುವ ಬೆಳೆ ಅದೊಂದೇ ಆಗಿತ್ತು ಎಂಬ ಕಾರಣಕ್ಕೆ. 2017ರ ಹೊತ್ತಿಗೆ ಅಮೆರಿಕದ ಬೀದಿಗಳಲ್ಲಿ ಹೆರಾಯಿನ್ ಜಾಗಕ್ಕೆ ಫೆಂಟನಿಲ್ ಬಂತು. ಅದಕ್ಕೆ ಹೊಲ ಬೇಡ, ಮಳೆ ಬೇಡ; ರಾಸಾಯನಿಕ ಸಾಕು. ಅಫೀಮಿನ ಅಂಟಿನ ಬೆಲೆ ನೆಲಕಚ್ಚಿತು. ಬೆಟ್ಟದ ಹಳ್ಳಿಗಳಿಗೆ ಯಾವ ದಾನಶೂರನೂ ಬೆಂಬಲ ಬೆಲೆ ಘೋಷಿಸಲಿಲ್ಲ.

ಊರು ಕೈಸೇರುವ ಬಗೆಯನ್ನು ನೋಡಬೇಕಾದರೆ ಮಿಚೋವಾಕಾನ್‌ಗೆ ಹೋಗಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಬೆಣ್ಣೆಹಣ್ಣು ಎಂದೇ ಗೊತ್ತಿರುವ ಆವಕಾಡೊ ಅಲ್ಲಿನ ಚಿನ್ನ. ಅಮೆರಿಕ 1997ರಿಂದ ಹಂತಹಂತವಾಗಿ ಮಾರುಕಟ್ಟೆ ತೆರೆದ ಮೇಲೆ ಉರುವಾಪಾನ್ ಸುತ್ತಲಿನ ಗುಡ್ಡಗಳೆಲ್ಲ ಬೆಣ್ಣೆಹಣ್ಣಿನ ತೋಟವಾದವು. ಅಲ್ಲೇ 2006ರ ಸೆಪ್ಟೆಂಬರಿನ ಒಂದು ರಾತ್ರಿ ‘ಲಾ ಫಮಿಲಿಯಾ’ ಎಂಬ ಗುಂಪಿನವರು ‘ಸೋಲ್ ಈ ಸೊಂಬ್ರಾ’ ನೈಟ್‌ಕ್ಲಬ್ಬಿಗೆ ನುಗ್ಗಿ ನೃತ್ಯದಂಗಳದ ಮೇಲೆ ಐದು ರುಂಡಗಳನ್ನು ಉರುಳಿಸಿದರು. ಮೂರು ತಿಂಗಳಲ್ಲಿ ಹೊಸ ಅಧ್ಯಕ್ಷ ಫೆಲಿಪೆ ಕಾಲ್ದೆರೊನ್ ಸೇನೆ ಕಳಿಸಿ ಯುದ್ಧ ಸಾರಿದರು.

ಲಾ ಫಮಿಲಿಯಾ, ಅದರಿಂದ 2011ರಲ್ಲಿ ಸಿಡಿದ ‘ನೈಟ್ಸ್ ಟೆಂಪ್ಲರ್’ ಗುಂಪು, ಎರಡಕ್ಕೂ ಧರ್ಮದ ಹುಚ್ಚು. ನಾಯಕ ನಸಾರಿಯೊ ಮೊರೆನೊ ಹಿತವಚನಗಳ ಪುಸ್ತಕ ಬರೆದವನು. 2010ರ ಡಿಸೆಂಬರಿನಲ್ಲಿ ಸತ್ತನೆಂದು ಸರ್ಕಾರ ಘೋಷಿಸಿತು. ಅವನ ಹೆಸರಿನಲ್ಲಿ ಗುಡಿಗಳೆದ್ದವು. 2014ರ ಮಾರ್ಚಿನಲ್ಲಿ ಅವನನ್ನು ಮತ್ತೊಮ್ಮೆ, ಈ ಸಲ ನಿಜವಾಗಿ, ಕೊಲ್ಲಬೇಕಾಯಿತು. ಈ ನಡುವಿನ ವರ್ಷಗಳಲ್ಲಿ ಟೆಂಪ್ಲರ್‌ಗಳು ಆ ಸೀಮೆಯನ್ನು ಆಳಿದ್ದು ಹಳೆಯ ಕಾಲದ ಪಾಳೆಯಗಾರರಂತೆ. ಸಾಲದ ಜಗಳ, ಗಂಡಹೆಂಡಿರ ತಂಟೆ, ಬೇಲಿಯ ತಕರಾರು ಅವರ ಮುಂದೆ ಬರುತ್ತಿದ್ದವು. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವುದು ಅಲ್ಲಿ ಒಂದು ಮಧ್ಯಾಹ್ನಕ್ಕೆ ಇತ್ಯರ್ಥ. ಬೆಣ್ಣೆಹಣ್ಣಿಗೆ ಕಿಲೋ ಲೆಕ್ಕದಲ್ಲಿ ಕರ. ಕೆಳಗಿನ ಬಿಸಿಲು ಸೀಮೆಯ ಅಪಾತ್ಸಿಂಗಾನ್ ಕಣಿವೆಯಲ್ಲಿ ನಿಂಬೆ ಯಾವ ದಿನ ಕೀಳಬೇಕು, ಯಾವ ದಿನ ಕೀಳಬಾರದು ಎಂಬುದನ್ನೂ ಅವರೇ ನಿಗದಿ ಮಾಡುತ್ತಿದ್ದರು. ಲಾಸಾರೊ ಕಾರ್ದೆನಾಸ್ ಬಂದರಿನಿಂದ ಚೀನಾಕ್ಕೆ ಹೋಗುವ ಕಬ್ಬಿಣದ ಅದಿರಿನಲ್ಲೂ ಅವರ ಪಾಲಿತ್ತು. ಗವರ್ನರ್‌ನ ಮಗ ಟೆಂಪ್ಲರ್ ನಾಯಕ ‘ಲಾ ತೂತಾ’ನ ಜೊತೆ ಕೂತು ಹರಟುವ ವಿಡಿಯೊ 2014ರಲ್ಲಿ ಹೊರಬಿತ್ತು. ಇಷ್ಟಾದ ಮೇಲೆ ಸರ್ಕಾರ ಯಾವುದು, ಕಾರ್ಟೆಲ್ ಯಾವುದು ಎಂದು ನಿಂಬೆ ಬೆಳೆಗಾರ ಹೇಗೆ ಬೇರೆ ಮಾಡಿಯಾನು?

2013ರ ಫೆಬ್ರವರಿ 24ರಂದು ಅದೇ ಸೀಮೆಯ ಲಾ ರುವಾನಾದಲ್ಲಿ ಇಪೊಲಿತೊ ಮೋರಾ ಎಂಬ ನಿಂಬೆ ಬೆಳೆಗಾರ ಟೆಂಪ್ಲರ್‌ಗಳ ವಿರುದ್ಧ ಬಂದೂಕು ಹಿಡಿದ. ಪಕ್ಕದ ತೆಪಾಲ್ಕಾತೆಪೆಕ್ ಊರೂ ಅದೇ ದಿನ ಎದ್ದಿತು. ತಿಂಗಳುಗಳಲ್ಲಿ ಆತ್ಮರಕ್ಷಣಾ ಪಡೆಗಳು ಹತ್ತಾರು ಊರುಗಳಿಗೆ ಹಬ್ಬಿದವು. ಸರ್ಕಾರ ಅವರಿಗೆ ಸಮವಸ್ತ್ರ ಕೊಟ್ಟು ಗ್ರಾಮೀಣ ಪಡೆ ಮಾಡಿತು. ಬಣ್ಣ ಬದಲಿಸಿದ ಹಳೆಯ ಟೆಂಪ್ಲರ್‌ಗಳೂ ಅದೇ ಸಮವಸ್ತ್ರ ತೊಟ್ಟರು. ಮೋರಾನ ಮಗ 2014ರ ಡಿಸೆಂಬರಿನಲ್ಲಿ ಗುಂಡಿಗೆ ಬಲಿಯಾದ. 2023ರ ಜೂನ್‌ನಲ್ಲಿ ಮೋರಾನನ್ನೂ ಕೊಂದರು.

ಬಂದೂಕಿನಿಂದಲ್ಲದೆ ಬೇರೆ ರೀತಿ ಎದ್ದ ಊರು ಚೆರಾನ್. ಪುರೇಪೆಚಾ ಆದಿವಾಸಿಗಳ ಈ ಪಟ್ಟಣದ ಪೈನ್ ಕಾಡನ್ನು ಕಾರ್ಟೆಲ್ ಬೆಂಬಲದ ಮರಗಳ್ಳರು ಲಾರಿಗಟ್ಟಲೆ ಹೊತ್ತೊಯ್ಯುತ್ತಿದ್ದರು. ಕಡಿಯುತ್ತ ಕಡಿಯುತ್ತ ನೀರಿನ ಬುಗ್ಗೆಯ ಹತ್ತಿರ ಬಂದರು. 2011ರ ಏಪ್ರಿಲ್ 15ರ ನಸುಕಿನಲ್ಲಿ ಎಲ್ ಕಾಲ್ವಾರಿಯೊ ಗುಡಿಯ ಬಳಿ ಹೆಂಗಸರು ಕಲ್ಲು, ಕೋಲು, ಹಬ್ಬದ ಸಿಡಿಮದ್ದು ಹಿಡಿದು ಲಾರಿಗಳನ್ನು ಅಡ್ಡಗಟ್ಟಿದರು. ಗಂಟೆ ಬಾರಿಸಿ ಊರನ್ನು ಎಬ್ಬಿಸಿದರು. ಸ್ಥಳಕ್ಕೆ ಬಂದ ಪೊಲೀಸರು ಮರಗಳ್ಳರ ಪರ ನಿಂತಾಗ ಚೆರಾನ್ ಪೊಲೀಸರನ್ನೂ ಓಡಿಸಿತು, ಮೇಯರನ್ನೂ. ಮುಂದಿನ ತಿಂಗಳುಗಳಲ್ಲಿ ಮೂಲೆಮೂಲೆಗೂ ಬೆಂಕಿ ಹಾಕಿಕೊಂಡು ರಾತ್ರಿ ಕಾವಲು. ಅಡುಗೆ, ಚರ್ಚೆ, ತೀರ್ಮಾನ ಎಲ್ಲವೂ ಆ ಬೆಂಕಿಯ ಸುತ್ತ. ನವೆಂಬರಿನಲ್ಲಿ ಫೆಡರಲ್ ಚುನಾವಣಾ ನ್ಯಾಯಮಂಡಳಿ ಅವರಿಗೆ ತಮ್ಮ ಸಂಪ್ರದಾಯದಂತೆ ಆಳಿಕೊಳ್ಳುವ ಹಕ್ಕು ಮಾನ್ಯ ಮಾಡಿತು. ಹನ್ನೆರಡು ಹಿರಿಯರ ಸಭೆ, ಪಕ್ಷಗಳಿಗೆ ಪ್ರವೇಶವಿಲ್ಲ, ಕಾಡಿಗೆ ಊರಿನದೇ ಕಾವಲುಪಡೆ. ಪಕ್ಷಗಳನ್ನು ಹೊರಗಿಟ್ಟದ್ದು ಭಾವುಕತೆಯಿಂದಲ್ಲ. ಚುನಾವಣಾ ಖರ್ಚಿಗೆ ದುಡ್ಡು ಬೇಕು, ದುಡ್ಡು ಕೊಡುವವನು ಆಮೇಲೆ ಪೊಲೀಸ್ ಮುಖ್ಯಸ್ಥನನ್ನು ಕೇಳುತ್ತಾನೆ ಎಂಬ ದಾರಿಯನ್ನು ಅವರು ಕಂಡವರು. ಆದರೆ ಎಲ್ಲ ಊರಿಗೂ ಚೆರಾನ್‌ನ ಒಗ್ಗಟ್ಟು, ಸಾಮುದಾಯಿಕ ಭೂಮಿ ಇರುವುದಿಲ್ಲ. ಉರುವಾಪಾನ್‌ನಲ್ಲಿ ಕಾರ್ಟೆಲ್‌ಗಳ ವಿರುದ್ಧ ದನಿಯೆತ್ತಿದ ಮೇಯರ್ ಕಾರ್ಲೊಸ್ ಮಾನ್ಸೊ 2025ರ ನವೆಂಬರ್ 1ರಂದು ಹಿರಿಯರ ಹಬ್ಬದ ಜನಸಂದಣಿಯ ನಡುವೆಯೇ ಹತರಾದರು.

ಗಡಿಯ ಆಚೆಯವರನ್ನು ಬಿಟ್ಟು ಈ ಕಥೆ ಹೇಳುವುದು ಅನ್ಯಾಯ. ಕೊಳ್ಳುವವರು ಅಲ್ಲಿ, ಬಂದೂಕಿನ ಅಂಗಡಿಗಳು ಅಲ್ಲಿ, ಬ್ಯಾಂಕುಗಳೂ ಅಲ್ಲಿ. 2012ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕು 190 ಕೋಟಿ ಡಾಲರ್ ತೆತ್ತು ಅಮೆರಿಕದಲ್ಲಿ ಕ್ರಿಮಿನಲ್ ವಿಚಾರಣೆಯಿಂದ ಪಾರಾಯಿತು. ಅದರ ಮೂಲಕ ಸಿನಾಲೋವಾ ಕಾರ್ಟೆಲ್ ಮತ್ತು ಕೊಲಂಬಿಯಾದ ಒಂದು ಕಾರ್ಟೆಲ್‌ನ ಕನಿಷ್ಠ 88 ಕೋಟಿ ಡಾಲರ್ ಹರಿದಿತ್ತು. ಮೆಕ್ಸಿಕೊದ ಶಾಖೆಗಳಲ್ಲಿ ಕೌಂಟರಿನ ಕಿಂಡಿಯ ಅಳತೆಗೆ ಸರಿಯಾಗಿ ಮಾಡಿಸಿದ ಪೆಟ್ಟಿಗೆಗಳಲ್ಲಿ ನೋಟು ತುಂಬಿ ತರುತ್ತಿದ್ದರಂತೆ. ಜೈಲಿಗೆ ಯಾವ ಬ್ಯಾಂಕರನೂ ಹೋಗಲಿಲ್ಲ.

ಕಾಲ್ದೆರೊನ್ ಸಾರಿದ ಯುದ್ಧದ ಸೇನಾಪತಿಯ ಕಥೆ ನ್ಯೂಯಾರ್ಕಿನ ಬ್ರೂಕ್ಲಿನ್ ಕೋರ್ಟಿನಲ್ಲಿ ಬಯಲಾಯಿತು. 2006ರಿಂದ 2012ರವರೆಗೆ ಸಾರ್ವಜನಿಕ ಭದ್ರತಾ ಮಂತ್ರಿಯಾಗಿದ್ದ ಹೆನಾರೊ ಗಾರ್ಸಿಯಾ ಲೂನಾ ಸಿನಾಲೋವಾ ಕಾರ್ಟೆಲ್‌ನಿಂದ ಲಂಚ ಪಡೆದದ್ದು ನಿಜವೆಂದು 2023ರಲ್ಲಿ ತೀರ್ಪು ಬಂತು. ಮರುವರ್ಷ 38 ವರ್ಷಕ್ಕೂ ಮೀರಿದ ಶಿಕ್ಷೆ. ಆದರೂ ಗೇಣಿಯ ಸಂಬಂಧ ಪೂರ್ತಿ ತಿರುಗಿಬಿದ್ದಿದೆ ಎಂಬುದು ಎಲ್ಲರ ಕಣ್ಣಿಗೆ ಬಿದ್ದದ್ದು 2019ರ ಅಕ್ಟೋಬರ್ 17ರಂದು. ಕುಲಿಯಾಕಾನ್‌ನಲ್ಲಿ ಸೈನಿಕರು ಚಾಪೊನ ಮಗ ಒವಿದಿಯೊನನ್ನು ಹಿಡಿದರು. ಕೆಲವೇ ಹೊತ್ತಿನಲ್ಲಿ ಭಾರೀ ಮೆಷಿನ್‌ಗನ್ ಹೊತ್ತ ಟ್ರಕ್ಕುಗಳು ನಗರ ತುಂಬಿದವು, ಚೌಕಗಳಲ್ಲಿ ಬಸ್ಸುಗಳು ಉರಿದವು, ಸೈನಿಕರ ಕುಟುಂಬಗಳಿದ್ದ ವಸತಿಗೃಹಗಳಿಗೂ ಮುತ್ತಿಗೆ ಬಿತ್ತು. ಸಂಜೆಯೊಳಗೆ ಒವಿದಿಯೊನನ್ನು ಬಿಟ್ಟುಬಿಟ್ಟರು. ಬಿಡಲು ಹೇಳಿದ್ದು ತಾನೇ ಎಂದು ಅಧ್ಯಕ್ಷ ಲೋಪೆಸ್ ಒಬ್ರಾದೋರ್ ಮುಂದೆ ಒಪ್ಪಿಕೊಂಡರು. 2023ರ ಜನವರಿಯಲ್ಲಿ ಅವನನ್ನು ಮತ್ತೆ ಹಿಡಿಯುವಾಗ ಹತ್ತು ಸೈನಿಕರು ಸತ್ತರು.

ಅರ್ಧ ಶತಮಾನ ಒಂದು ರಾತ್ರಿಯೂ ಜೈಲು ಕಾಣದೆ ಕಳೆದಿದ್ದ ಮಾಯೊ ಸಂಬಾದಾ 2024ರ ಜುಲೈ 25ರಂದು ಅಮೆರಿಕದ ಕೈಗೆ ಸಿಕ್ಕ. ಹಿಡಿದುಕೊಟ್ಟವನು ಚಾಪೊನ ಇನ್ನೊಬ್ಬ ಮಗ. 2025ರ ಆಗಸ್ಟ್ 25ರಂದು ಬ್ರೂಕ್ಲಿನ್‌ನಲ್ಲಿ ತಪ್ಪೊಪ್ಪಿಕೊಂಡಾಗ ಅವನಿಗೆ ಎಪ್ಪತ್ತೈದು ದಾಟಿತ್ತು. ದಂಧೆಗೆ ಇಳಿದ ದಿನದಿಂದಲೂ ಪೊಲೀಸರಿಗೆ, ಸೇನಾಧಿಕಾರಿಗಳಿಗೆ, ರಾಜಕಾರಣಿಗಳಿಗೆ ದುಡ್ಡು ಕೊಡುತ್ತ ಬಂದೆ ಎಂಬುದನ್ನೂ ಅವನು ಹೇಳಿದ. ಯಾರ್ಯಾರಿಗೆ ಎಂದು ಹೆಸರು ಹೇಳಲಿಲ್ಲ. ಅವನ ಕಡೆಯವರಿಗೂ ಚಾಪೊನ ಮಕ್ಕಳ ಕಡೆಯವರಿಗೂ ಕುಲಿಯಾಕಾನ್‌ನಲ್ಲಿ 2024ರ ಸೆಪ್ಟೆಂಬರಿನಲ್ಲಿ ಶುರುವಾದ ಕಾದಾಟಕ್ಕೆ ಅಷ್ಟರಲ್ಲಿ ವರ್ಷ ತುಂಬುತ್ತ ಬಂದಿತ್ತು.